ಮೊಗ್ಗಿನ ಕೈಲಿ ಸಾಕ್ಷಿ ಹೇಳಿಸಬೇಡಿ

ನಮಸ್ಕಾರ.

ನಿಮ್ಮ ಪತ್ರ ಬಂದು ಎರಡು ವಾರ ಆಯಿತು. ಕೆಲಸ ಜಾಸ್ತಿ ಇತ್ತು ಅಂತ ನೆಪ ಹೇಳುವುದಿಲ್ಲ. ಏನು ಬರೆಯಬೇಕೋ ತೋಚಲಿಲ್ಲ, ಅಷ್ಟೇ.

ಬೇರೆ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಚಳಿಗಾಲದ ಶುರುವಿನಲ್ಲಿ ನಿಮ್ಮ ತಾಯಿ ತೀರಿಕೊಂಡರು. ಅಂದಿನಿಂದ ನೀವು ಪ್ರಾರ್ಥನೆ ಬಿಟ್ಟಿರಿ. ಹೋದ ತಿಂಗಳು ಒಂದು ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ, ಎಲೆಯೆಲ್ಲ ಉದುರಿ ಬೋಳಾಗಿದ್ದ ಮರವೊಂದು ಕಣ್ಣಿಗೆ ಬಿತ್ತು. ರೆಂಬೆಯ ತುದಿಯಲ್ಲಿ ಕೆಂಪಗೆ ಮೊಗ್ಗು. ದೇವರ ಹೆಸರು ತಾನಾಗಿ ಬಾಯಿಗೆ ಬಂತು. ಮರುಗಳಿಗೆಯೇ ನಿಮಗೆ ನಿಮ್ಮ ಮೇಲೆ ಸಿಟ್ಟು ಬಂತು. “ಒಂದು ಮೊಗ್ಗು ನೋಡಿ ಕರಗುವಷ್ಟು ಅಗ್ಗವಾಗಿತ್ತಾ ನನ್ನ ದುಃಖ? ಇದು ನಂಬಿಕೆ ವಾಪಸ್ ಬಂದದ್ದೋ, ಬರೀ ಹವೆ ಬದಲಾದದ್ದೋ?” ಅಂತ ಕೇಳಿದ್ದೀರಿ.

ಮೊದಲು ಮೊಗ್ಗಿನ ವಿಚಾರ ಮಾತಾಡೋಣ. ದೇವರಿಗಿಂತ ಅದು ನನಗೆ ಸ್ವಲ್ಪ ಜಾಸ್ತಿ ಗೊತ್ತು.

ನೀವು ಕಂಡದ್ದು ಆ ವಾರ ಹುಟ್ಟಿದ ಮೊಗ್ಗಲ್ಲ. ಯಾವ ಮರ ಅಂತ ನೀವು ಬರೆದಿಲ್ಲ. ಆದರೆ ಚಳಿಗೆ ಎಲೆ ಉದುರಿಸುವ ಮರಗಳಲ್ಲಿ ಬಹುಪಾಲು ಮುಂದಿನ ವಸಂತದ ಮೊಗ್ಗನ್ನು ಹಿಂದಿನ ಬೇಸಿಗೆಯಲ್ಲೇ ಕಟ್ಟಿಕೊಳ್ಳುತ್ತವೆ. ಸೇಬು, ಚೆರ್ರಿ ಎಲ್ಲ ಹಾಗೇ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಮಡಚಿಟ್ಟ ಹೂವು. ಅಂದರೆ ನಿಮ್ಮ ತಾಯಿ ಇನ್ನೂ ಓಡಾಡಿಕೊಂಡಿದ್ದ ದಿನಗಳಲ್ಲೇ ಅದು ಆ ರೆಂಬೆಯ ಮೇಲೆ ಕೂತಿತ್ತು. ಅವರು ಹೋದಾಗಲೂ ಇತ್ತು. ನಿಮಗೆ ಕಂಡದ್ದು ಮಾತ್ರ ಈಗ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಚಳಿಗಾಲದ ನಡುವೆ ನಾಲ್ಕು ದಿನ ಬಿಸಿಲು ಕಾದರೆ ಮರ ಮೋಸ ಹೋಗುವುದಿಲ್ಲ. ಅದು ಚಳಿಯ ಲೆಕ್ಕ ಇಟ್ಟಿರುತ್ತದೆ. ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವಿನ ಚಳಿಯಲ್ಲಿ ಇಷ್ಟು ಗಂಟೆ ಕಳೆಯಲೇಬೇಕು. ಸೇಬಿನ ಎಷ್ಟೋ ತಳಿಗಳಿಗೆ ಅದು ಸುಮಾರು 1,000 ಗಂಟೆ. ಆ ಲೆಕ್ಕ ತುಂಬುವವರೆಗೆ ಎಂಥ ಬಿಸಿಲಿಗೂ ಮೊಗ್ಗು ಬಾಯಿ ಬಿಡುವುದಿಲ್ಲ. ತುಂಬಿದ ಮೇಲೆ ಬೆಚ್ಚನೆಯ ದಿನಗಳ ಲೆಕ್ಕ ಶುರು. ಚಳಿ ಸಾಲದ ವರ್ಷ ಹೂವು ಸರಿಯಾಗಿ ಬರುವುದೇ ಇಲ್ಲ. ನಾವು ಚಳಿಗಾಲವನ್ನು ಮಾಗಿ ಅನ್ನುತ್ತೇವಲ್ಲ, ಆ ಪದ ಬಂದಾಗಲೆಲ್ಲ ನನ್ನ ಕಿವಿಗೆ ‘ಮಾಗು’ ಅಂತಲೇ ಕೇಳುತ್ತದೆ.

ಹಾಗಂತ “ದುಃಖವೂ ಹೀಗೇ, ಮಾಗಿಸುತ್ತದೆ” ಅಂತ ಉಪದೇಶ ಮಾಡಲಾರೆ. ಮರಕ್ಕೆ ತಾಯಿ ಸತ್ತಿರುವುದಿಲ್ಲ. ಸುಮ್ನೆ ಇಷ್ಟು ಹೇಳುತ್ತೇನೆ: ಮೊದಲ ಬಿಸಿಲನ್ನೇ ನಂಬದ ಮರವನ್ನು ಯಾರೂ ಸತ್ತ ಮರ ಅನ್ನುವುದಿಲ್ಲ. ನೀವು ನಿಮ್ಮನ್ನು ಹಾಗಂದುಕೊಂಡಿರಿ. ನಿಮ್ಮ ಸಿಟ್ಟೂ ಅನುಮಾನವೂ ನಂಬಿಕೆಯ ಶತ್ರುಗಳು ಅಂತ ನನಗೆ ಅನ್ನಿಸುವುದಿಲ್ಲ. ಬೇಗ ಅರಳಿದ್ದಕ್ಕೆ ಅಪಾಯ ಹೆಚ್ಚು. ಬಿಗಿಯಾದ ಮೊಗ್ಗು ಸಾಕಷ್ಟು ಚಳಿ ತಡೆಯುತ್ತದೆ. ಅರಳಿದ ಹೂವಿಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದ ಒಂದು ರಾತ್ರಿ ಸಾಕು.

ಅದಕ್ಕೇ “ವಸಂತ ಬಂತು, ನೋಡಿ, ದೇವರಿದ್ದಾನೆ” ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಹಾಗಾದರೆ ಹೂವು ಚಳಿಗೆ ಸುಟ್ಟ ಬೆಳಿಗ್ಗೆ ಏನನ್ನಬೇಕು? ಬೇಗ ಬಂದ ವಸಂತವೆಲ್ಲ ಒಳ್ಳೆಯ ಸುದ್ದಿಯೂ ಅಲ್ಲ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವಿನ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಅರಳಿತು; ಅಲ್ಲಿಯವರೆಗಿನ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದೇ ಇರಲಿಲ್ಲ. ಭೂಮಿ ಬಿಸಿಯಾಗುತ್ತಿರುವುದರ ಗುರುತು ಅದು. ಪಾಪ, ಮೊಗ್ಗಿನ ಕೈಲಿ ಸಾಕ್ಷಿ ಹೇಳಿಸಬೇಡಿ. ಅದಕ್ಕೆ ಬೇರೆ ಕೆಲಸ ಇದೆ.

ಮತ್ತೆ ನಿಮ್ಮ ಬಾಯಿಗೆ ಬಂದ ಹೆಸರು?

ಬೈಬಲ್ಲಿನಲ್ಲಿ ಯೆರೆಮೀಯ ಅನ್ನುವ ಪ್ರವಾದಿಗೆ ದೇವರು ಕೇಳುವ ಮೊದಮೊದಲ ಪ್ರಶ್ನೆ ತುಂಬ ಸಾದಾ: ನಿನಗೆ ಏನು ಕಾಣುತ್ತಿದೆ? ಬಾದಾಮಿ ಮರದ ರೆಂಬೆ ಅನ್ನುತ್ತಾನೆ ಯೆರೆಮೀಯ. ಸರಿಯಾಗಿ ಕಂಡೆ, ನನ್ನ ಮಾತು ನಡೆಯುವಂತೆ ನಾನು ಎಚ್ಚರವಾಗಿದ್ದೇನೆ ಅನ್ನುತ್ತಾನೆ ದೇವರು. ಅನುವಾದದಲ್ಲಿ ಓದಿದರೆ ರೆಂಬೆಗೂ ಎಚ್ಚರಕ್ಕೂ ಏನು ಸಂಬಂಧ ಅನ್ನಿಸುತ್ತದೆ. ಹೀಬ್ರೂವಿನಲ್ಲಿ ಬಾದಾಮಿ ‘ಶಾಕೇದ್’, ಎಚ್ಚರವಾಗಿ ಕಾಯುವುದು ‘ಶೋಕೇದ್’. ಆ ನಾಡಿನಲ್ಲಿ ಚಳಿ ಮುಗಿಯುವ ಮೊದಲೇ, ಎಲೆಗಿಂತ ಮುಂಚೆ ಹೂ ಬಿಡುವ ಮರ ಅದು. ನಿಮ್ಮ ಧರ್ಮ ಯಾವುದೋ ನಾನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ನನಗೆ ಆ ಕಥೆಯಲ್ಲಿ ಇಷ್ಟವಾದದ್ದು, ಯೆರೆಮೀಯನನ್ನು ‘ನಂಬುತ್ತೀಯಾ’ ಅಂತ ಅಲ್ಲಿ ಕೇಳುವುದೇ ಇಲ್ಲ. ಕಂಡದ್ದು ಹೇಳು ಅಂತಾರೆ, ಅಷ್ಟೇ.

ನೀವೂ ಕಂಡಿರಿ. ತಾಯಿಯನ್ನು ಕಳೆದುಕೊಂಡವರು ತಲೆ ತಗ್ಗಿಸಿ ಬಸ್ಸಿಗೆ ಕಾಯುತ್ತಾರೆ. ನೀವು ಅವತ್ತು ತಲೆ ಎತ್ತಿದ್ದಿರಿ. ಅದು ನಂಬಿಕೆಯೋ ಹವೆಯೋ ಅಂತ ಇವತ್ತೇ ತೀರ್ಮಾನ ಆಗಬೇಕಾ? ನಾನೇನೂ ದೊಡ್ಡ ಭಕ್ತನಲ್ಲ. ವರ್ಷದಲ್ಲಿ ಹತ್ತು ತಿಂಗಳು ನನ್ನದೂ ಬೋಳು ಮರವೇ. ಉಳಿದೆರಡು ತಿಂಗಳ ಮೇಲೆ ಈ ಉತ್ತರ ಬರೆಯುತ್ತಿದ್ದೇನೆ ಅಂದುಕೊಳ್ಳಿ. ಇನ್ನು ದುಃಖ ಅಗ್ಗವಾಯಿತು ಅಂದಿರಲ್ಲ, ಆ ಮಾತು ನಾನು ಒಪ್ಪುವುದಿಲ್ಲ. ಮೊಗ್ಗು ನೋಡಿ ಹಿಗ್ಗಿದ್ದಕ್ಕೆ ನಿಮ್ಮ ತಾಯಿ ಬೇಜಾರು ಮಾಡಿಕೊಳ್ಳುತ್ತಿದ್ದರಾ? ನಿಮಗೇ ಗೊತ್ತಿರುತ್ತದೆ.

ಒಂದು ಕೆಲಸ ಹೇಳಲಾ? ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಅಂತ ಒಬ್ಬರಿದ್ದರು. 1736ರಿಂದ ಅವರು ವಸಂತದ ಗುರುತುಗಳನ್ನು ದಿನಾಂಕ ಹಾಕಿ ಬರೆದಿಡಲು ಶುರು ಮಾಡಿದರು. ಮೊದಲ ಹೂವು, ಮೊದಲ ಎಲೆ, ಮೊದಲ ಕಪ್ಪೆಯ ಕೂಗು, ಹೀಗೆ 27 ಗುರುತುಗಳು. ಅವರು ಹೋದ ಮೇಲೆ ಮನೆಯವರು ಮುಂದುವರಿಸಿದರು, 1958ರವರೆಗೆ. ತಾತ ಬರೆದಿಟ್ಟ ಸಾಲಿನ ಕೆಳಗೆ ಮೊಮ್ಮಗ ಬರೆಯುವುದು. ವಸಂತ ಬರುತ್ತದೆ ಅಂತ ಅವರಿಗೆಲ್ಲ ಗೊತ್ತೇ ಇತ್ತು. ಆದರೂ ಮತ್ತೆ ಮತ್ತೆ ಹೋಗಿ ನೋಡುತ್ತಿದ್ದರು.

ನೀವು 27 ಬರೆಯಬೇಕಾಗಿಲ್ಲ. ಆ ಬಸ್ ನಿಲ್ದಾಣದ ಮರ ಒಂದೇ ಸಾಕು. ಮೊಗ್ಗು ಕಂಡ ದಿನ ನೆನಪಿದ್ದರೆ ಅದನ್ನೇ ಮೊದಲ ಸಾಲು ಮಾಡಿ.

ಕೇಳಿಕೊಂಡಂತೆ ನಿಮ್ಮ ಹೆಸರು ಹಾಕಿಲ್ಲ. ಹೂವು ಬಿಟ್ಟಾಗ ಎರಡು ಸಾಲು ಬರೆದು ಕಳಿಸಿ. ಚಳಿಗೆ ಸುಟ್ಟುಹೋದರೂ ಕಳಿಸಿ.

— ಸಂಪಾದಕ