ಡಬ್ಬಿ ಇಲ್ಲದ ಸ್ಪೀಕರ್ ನಮ್ಮ ಪಡಸಾಲೆಗೆ ಹೊಂದುತ್ತಾ?

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಹಳೇ ಮನೆ. ಪಡಸಾಲೆ 14 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ನೆಲಕ್ಕೆ ಶಹಾಬಾದ್ ಪರಸಿ, ಗೋಡೆಗೆ ಸುಣ್ಣ. ಎರಡು ಮೂಲೆಗಳಲ್ಲಿ ಪೋರ್ಟ್ (ಗಾಳಿ ಆಡುವ ತೂತು) ಇರುವ ಬಾಕ್ಸ್ ಸ್ಪೀಕರ್ ಇಟ್ಟಿದ್ದೇನೆ. ವಚನ ಹಾಡುವವರ ದನಿ ಪರವಾಗಿಲ್ಲ. ತಬಲಾ ಶುರುವಾದರೆ ಮಾತ್ರ ಡಗ್ಗಾ ಗುಂಯ್ ಅಂತ ಕೋಣೆಯೆಲ್ಲಾ ತುಂಬಿಕೊಳ್ಳುತ್ತೆ. ಓಪನ್ ಬ್ಯಾಫಲ್, ಅಂದರೆ ಡಬ್ಬಿ ಇಲ್ಲದ ಹಲಗೆ ಸ್ಪೀಕರ್, ಮಾಡಿಕೊಂಡರೆ ಈ ಕಾಟ ಇರಲ್ಲ ಅಂತಾನೆ ಗೆಳೆಯ. ಇದೇ ಡ್ರೈವರ್ (ಬಾಕ್ಸಿನೊಳಗೆ ಸದ್ದು ಹೊರಡಿಸುವ ಭಾಗ) ಬಿಚ್ಚಿ ಪ್ಲೈವುಡ್ ಹಲಗೆಗೆ ಕೂರಿಸಬಹುದಾ?

ಉತ್ತರ: ಸದ್ಯಕ್ಕೆ ಸ್ಕ್ರೂಡ್ರೈವರ್ ಕೆಳಗಿಡಿ. ಗುಂಯ್ ಅನ್ನುವುದರಲ್ಲಿ ಸ್ಪೀಕರ್‌ಗಿಂತ ಕೋಣೆಯ ಪಾಲೇ ಜಾಸ್ತಿ. 10 ಅಡಿ ದೂರದಲ್ಲಿ ಎದುರುಬದುರು ನಿಂತ ಗಟ್ಟಿ ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನ (ಸೆಕೆಂಡಿಗೆ 56 ಸಲ ಕಂಪಿಸುವ) ಸದ್ದು ಹೋಗಿ ಬಂದು ಊದಿಕೊಳ್ಳುತ್ತದೆ. ನಿಮ್ಮ ಪರಸಿಗೂ ಚಾವಣಿಗೂ ನಡುವೆ ಅಷ್ಟೇ ಅಂತರ, ಅಲ್ಲೂ ಅದೇ 56. ಅದರ ಮೇಲೆ 80ರ ಆಸುಪಾಸಿನಲ್ಲಿ ಇನ್ನೆರಡು ಬಂದು ಸೇರುತ್ತವೆ. ಡಗ್ಗಾದ ಗುಮ್ಕಿ (ಅಂಗೈ ಒತ್ತಿ ಜಾರಿಸುವ ದನಿ) ಓಡಾಡುವ ಜಾಗವೂ ಹೆಚ್ಚುಕಡಿಮೆ ಇದೇ. ಸಾಲದ್ದಕ್ಕೆ ಸ್ಪೀಕರ್ ಇಟ್ಟಿರುವುದು ಮೂಲೆಯಲ್ಲಿ. ಮೂಲೆ ಬೇಸ್ ಅನ್ನು ಇನ್ನಷ್ಟು ಎತ್ತುತ್ತದೆ.

ಗೆಳೆಯರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಡ್ರೈವರ್‌ನ ಕೋನ್ (ಹಿಂದೆ ಮುಂದೆ ಆಡುವ ಹಾಳೆ) ಮುಂದಕ್ಕೆ ಹೋದಾಗ ಎದುರಿನ ಗಾಳಿ ಒತ್ತುತ್ತದೆ, ಬೆನ್ನಿನ ಗಾಳಿ ಸಡಿಲಾಗುತ್ತದೆ. ಅಂದರೆ ಹಿಂದಿನಿಂದಲೂ ಸದ್ದು ಹೊರಡುತ್ತದೆ, ಆದರೆ ಉಲ್ಟಾ. ಬಾಕ್ಸ್ ಇರುವುದೇ ಅದನ್ನು ಕೂಡಿಹಾಕುವುದಕ್ಕೆ, ಇಲ್ಲವೇ ಪೋರ್ಟ್ ಮೂಲಕ ಲೆಕ್ಕಹಾಕಿ ಹೊರಬಿಡುವುದಕ್ಕೆ. ಓಪನ್ ಬ್ಯಾಫಲ್‌ನಲ್ಲಿ ಬರೀ ಹಲಗೆ, ಬೆನ್ನು ಬಯಲು. ಎಡಬಲಗಳಲ್ಲಿ ಮುಂದಿನ ಸದ್ದು, ಹಿಂದಿನ ಸದ್ದು ಒಂದನ್ನೊಂದು ತಿಂದುಹಾಕುತ್ತವೆ. ಹಾಗಾಗಿ ಪಕ್ಕದ ಗೋಡೆಗೆ ಬಡಿದು ಬರುವ ಗದ್ದಲ ಕಡಿಮೆ. ಡಬ್ಬಿಯೇ ಇಲ್ಲ ಅಂದಮೇಲೆ ಡಬ್ಬಿ ನಡುಗುವ ಮಾತೂ ಇಲ್ಲ. ದನಿ, ಸಾರಂಗಿ, ಹಾರ್ಮೋನಿಯಂ ಬಿಡಿಬಿಡಿಯಾಗಿ ಕೇಳುತ್ತವೆ. ಇದೇನು ಹೊಸ ವಿದ್ಯೆಯಲ್ಲ. ನಿಮ್ಮ ಅಜ್ಜನ ಕಾಲದ ವಾಲ್ವ್ ರೇಡಿಯೊ ಸಿಕ್ಕರೆ ತಿರುಗಿಸಿ ನೋಡಿ, ಹಿಂದೆ ತೂತು ತೂತಿನ ರಟ್ಟು ಇರುತ್ತದೆ ಅಷ್ಟೆ. 1957ರಲ್ಲಿ ಬಂದ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್‌ಗೂ ಡಬ್ಬಿ ಇರಲಿಲ್ಲ.

ಇದಕ್ಕೆ ಬೆಲೆ ತೆರುವುದು ಬೇಸ್. ಕೆಳಗಿನ ಸ್ವರಗಳ ಅಲೆ ಬಲು ಉದ್ದ. 50 ಹರ್ಟ್ಜ್‌ನ ಒಂದು ಅಲೆಯೇ ಸುಮಾರು 7 ಮೀಟರ್. ಅದರ ಮುಂದೆ ಅರ್ಧ ಮೀಟರ್ ಅಗಲದ ಹಲಗೆ ಯಾವ ಲೆಕ್ಕ? ಹಿಂದಿನ ಸದ್ದು ಅಂಚು ಸುತ್ತಿ ಮುಂದೆ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ಇಷ್ಟು ಅಗಲದ ಹಲಗೆಯಲ್ಲಿ ಸುಮಾರು 200 ಹರ್ಟ್ಜ್‌ನಿಂದ ಕೆಳಗೆ ಪ್ರತಿ ಆಕ್ಟೇವ್‌ಗೆ (ಹರ್ಟ್ಜ್ ಅರ್ಧವಾದಾಗಲೆಲ್ಲ) 6 ಡೆಸಿಬೆಲ್ ಇಳಿಯುತ್ತಾ ಹೋಗುತ್ತದೆ. 50ಕ್ಕೆ ಬರುವಷ್ಟರಲ್ಲಿ 12 ಡೆಸಿಬೆಲ್ ಖೋತಾ. ಅದನ್ನು ಆಂಪ್ಲಿಫೈಯರ್‌ನಿಂದ ತುಂಬಿಸಲು ಹೋದರೆ 16 ಪಟ್ಟು ಪವರ್ ಬೇಕು, ಕೋನ್ 4 ಪಟ್ಟು ಜಾಸ್ತಿ ಆಡಬೇಕು. ನಿಮ್ಮ ವೂಫರ್ (ಬೇಸ್ ನುಡಿಸುವ ಡ್ರೈವರ್) ಪೋರ್ಟ್ ಇರುವ ಬಾಕ್ಸಿನ ಗಾಳಿಯನ್ನು ನಂಬಿಕೊಂಡು ಮಾಡಿದ್ದು. ಬಯಲಿಗೆ ತಂದರೆ ದನಿ ತೆಳ್ಳಗಾಗುತ್ತದೆ, ವಾಲ್ಯೂಮ್ ಏರಿಸಿದರೆ ಕೋನ್ ಮಿತಿ ಮೀರಿ ಟಪ್ ಟಪ್ ಅನ್ನುತ್ತದೆ. ಹಲಗೆಗೆ ಕೂರಿಸುವ ವೂಫರ್ ಬೇರೆಯೇ: 12 ಅಥವಾ 15 ಇಂಚಿನದು, ಕ್ಯೂಟಿಎಸ್ (ಕೋನ್ ಆಟಕ್ಕೆ ಬೀಳುವ ಕಡಿವಾಣದ ಅಳತೆ; ಹೆಚ್ಚಿದ್ದಷ್ಟೂ ಕಡಿವಾಣ ಸಡಿಲ) 0.7ರ ಆಸುಪಾಸು ಇರುವಂಥದ್ದು.

ಜಾಗವೂ ಬೇಕು. ಹಲಗೆಗೂ ಹಿಂದಿನ ಗೋಡೆಗೂ ಕನಿಷ್ಠ 1 ಮೀಟರ್ ಬಿಡಬೇಕು. ನಿಮ್ಮ 14 ಅಡಿಯಲ್ಲಿ ಮೂರೂಕಾಲು ಅಡಿ ಅಲ್ಲೇ ಹೋಯಿತು. ಪಡಸಾಲೆ ಅಂದರೆ ಎಲ್ಲರೂ ಓಡಾಡುವ ದಾರಿ, ಮನೆಯವರು ಒಪ್ಪಬೇಕಲ್ವಾ?

ಹಾಗಾಗಿ ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಬಾಕ್ಸ್‌ಗಳನ್ನು ಮೂಲೆಯಿಂದ ಎರಡು ಅಡಿ ಹೊರಗೆಳೆಯಿರಿ. ಪೋರ್ಟಿನ ತೂತಿಗೆ ಹಳೇ ಕಾಲುಚೀಲ ಸುತ್ತಿ ತುರುಕಿ; ಬೇಸ್ ಸ್ವಲ್ಪ ಕಮ್ಮಿಯಾಗುತ್ತದೆ, ಡಗ್ಗಾ ಬಿಗಿಯಾಗುತ್ತದೆ. ನೀವು ಹಿಂದಿನ ಗೋಡೆಗೆ ಒರಗಿ ಕೂರುವವರಾದರೆ ಎರಡು ಅಡಿ ಮುಂದೆ ಬನ್ನಿ. ನಡುವೆ ಜಮಖಾನೆ ಹಾಸಿ, ಗೋಡೆಗೆ ದಪ್ಪ ಕೌದಿ ತೂಗುಹಾಕಿ. ಚಪ್ಪಾಳೆ ತಟ್ಟಿದಾಗ ಬರುವ ಝಣ್ ಅನ್ನುವ ಮಾರ್ದನಿ ಇದರಿಂದ ಇಳಿಯುತ್ತದೆ. ಕೌದಿಯಿಂದ ಬೇಸ್ ಮಾತ್ರ ಜಗ್ಗುವುದಿಲ್ಲ, ಆ ಆಸೆ ಬೇಡ.

ಇಷ್ಟಾದ ಮೇಲೂ ಓಪನ್ ಬ್ಯಾಫಲ್ ಗೀಳು ಹೋಗದಿದ್ದರೆ, ಹಳೇ ಜೋಡಿಯನ್ನು ಹಾಗೇ ಇಟ್ಟು ಬೇರೆ ಡ್ರೈವರ್ ತನ್ನಿ. ಸುಮಾರು 150-200 ಹರ್ಟ್ಜ್‌ನಿಂದ ಮೇಲಿನದು ಹಲಗೆಗೆ, ಕೆಳಗಿನದು ಮುಚ್ಚಿದ ಬಾಕ್ಸಿನ ವೂಫರ್‌ಗೆ. ನನಗೆ ಕೇಳಿದರೆ ಚಿಕ್ಕ ಕೋಣೆಗೆ ಇದೇ ಸರಿ. ವೂಫರ್ ಬಾಕ್ಸನ್ನು ಮಾತ್ರ ಹಲಗೆಗಳ ಪಕ್ಕದಲ್ಲೇ ಇಡಿ. ಇಷ್ಟು ಎತ್ತರದ ಸ್ವರಕ್ಕೆ ಕ್ರಾಸ್‌ಓವರ್ ಮಾಡಿ (ಸದ್ದನ್ನು ಎರಡಕ್ಕೂ ಹಂಚಿ) ದೂರದ ಮೂಲೆಗೆ ತಳ್ಳಿದರೆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಯಾದಗಿರಿಯಲ್ಲಿ ನಮ್ಮ ಭಜನೆ ಮಂಡಳಿ ಅಂಗಳದಲ್ಲಿ ಹಾಡುತ್ತದೆ. ಅಲ್ಲಿಗೆ ಓಪನ್ ಬ್ಯಾಫಲ್ ಆಗುತ್ತಾ?

ಉತ್ತರ: ಬೇಡ. ಪಕ್ಕದ ಗೋಡೆಯ ಗದ್ದಲ ತಗ್ಗಿಸುವುದು ಅದರ ಮುಖ್ಯ ಗುಣ. ಅಂಗಳದಲ್ಲಿ ಗೋಡೆಯೇ ಇಲ್ಲ. ಬೇಸ್‌ಗೆ ಕೋಣೆಯ ಆಸರೆಯೂ ಸಿಗುವುದಿಲ್ಲ. ಸಾಲದ್ದಕ್ಕೆ ಹಿಂದಿನಿಂದ ಹೊರಡುವ ಸದ್ದು ಹಾಡುವವರ ಮೈಕಿಗೇ ನುಗ್ಗಿ ಕುಂಯ್ ಅನ್ನಿಸುತ್ತದೆ. ಬಾಕ್ಸ್ ಸ್ಪೀಕರನ್ನು ಸ್ಟ್ಯಾಂಡ್ ಮೇಲೆ ಕೂತವರ ತಲೆಗಿಂತ ಎತ್ತರಕ್ಕೆ ಏರಿಸಿ, ಮೈಕಿಗಿಂತ ಮುಂದಿಟ್ಟು ಜನರ ಕಡೆ ತಿರುಗಿಸಿ.