ಗಿಡ್ಡ ನಳಿಗೆಯ 0.32 ರಿವಾಲ್ವರಿಗೆ ಆತ್ಮರಕ್ಷಣೆಯ ದೃಷ್ಟಿಯಿಂದ ಯಾವ ತೋಟಾ ಸೂಕ್ತ?

ತೀರ್ಥಹಳ್ಳಿಯ ಕಡೆ ಒಂಟಿಮನೆಯಲ್ಲಿ ವಾಸವಾಗಿರುವ ತಾವು, ಅಡಿಕೆ ಮಾರಿದ ಹಣದೊಂದಿಗೆ ಶಿವಮೊಗ್ಗದ ಮಂಡಿಯಿಂದ ಹೊತ್ತು ಮೀರಿ ಹಿಂತಿರುಗಬೇಕಾಗುತ್ತದೆಂದು ಪರವಾನಗಿ ಪಡೆದು, ಮೂರಂಗುಲ ನಳಿಗೆಯ 0.32 ಬೋರ್ ರಿವಾಲ್ವರ್ ಕೊಂಡಿದ್ದೀರಿ. ವಿದೇಶಿ ವಿಡಿಯೊಗಳಲ್ಲಿ ಹೊಗಳುವ, ತುದಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ತೋಟಾವನ್ನೇ ಹುಡುಕಬೇಕೇ ಎಂಬುದು ತಮ್ಮ ಪ್ರಶ್ನೆ. ಇದೇ ಬೋರಿನ ರಿವಾಲ್ವರನ್ನು ಬಹುಕಾಲದಿಂದ ಇಟ್ಟುಕೊಂಡಿರುವ ನನ್ನ ಉತ್ತರ: ಬೇಡ. ಪರವಾನಗಿ ಇರುವ ಅಂಗಡಿಯಲ್ಲಿ ರಸೀದಿಯೊಂದಿಗೆ ಸಿಗುವ, ಇತ್ತೀಚೆಗೆ ತಯಾರಾದ, ಸಾಧಾರಣ ಸೀಸದ ಗುಂಡಿನ ತೋಟಾ ಸಾಕು.

ಕುಳಿಯಿರುವ ಗುಂಡು ತಾಗಿದ ಮೇಲೆ ಅರಳಬೇಕಾದರೆ ಅದಕ್ಕೆ ವೇಗ ಬೇಕು. ನಳಿಗೆ ಗಿಡ್ಡವಾದಷ್ಟೂ ಮದ್ದಿನ ಅನಿಲ ಗುಂಡನ್ನು ನೂಕುವ ಅವಕಾಶ ಕಡಿಮೆಯಾಗಿ, ಆ ವೇಗವೇ ಕುಗ್ಗುತ್ತದೆ. ತಮ್ಮ ರಿವಾಲ್ವರಿಗೆ ಹೊಂದುವ 0.32 ಸ್ಮಿತ್ ಆಂಡ್ ವೆಸನ್ ಲಾಂಗ್ ತೋಟಾ 1896ರಲ್ಲಿ ಬಂದದ್ದು. ಅದರ 98 ಗ್ರೇನ್, ಅಂದರೆ ಆರು ಗ್ರಾಂಗಿಂತ ತುಸು ಹೆಚ್ಚು ತೂಗುವ ಗುಂಡು ಸೆಕೆಂಡಿಗೆ ಸುಮಾರು 700 ಅಡಿ ವೇಗದಲ್ಲಿ ಹೊರಡುತ್ತದೆ, ಶಕ್ತಿ 150 ಜೌಲಿನ ಆಸುಪಾಸು. ಸಾಮಾನ್ಯ 0.38 ಸ್ಪೆಷಲ್ ತೋಟಾದ ಶಕ್ತಿ ಸುಮಾರು 270 ಜೌಲ್ ಇದ್ದರೂ, ಎರಡಂಗುಲದ ನಳಿಗೆಯಿಂದ ಹೊರಟ ಅದರ ಕುಳಿಗುಂಡುಗಳು ಕೂಡ ಎಷ್ಟೋ ಸಲ ಅರಳದೆ ಹೋಗುತ್ತವೆ. ದಪ್ಪ ಬಟ್ಟೆಯ ನೂಲು ಕುಳಿಯಲ್ಲಿ ಸಿಕ್ಕಿಕೊಂಡರೆ ಅದು ಮಾಮೂಲಿ ಗುಂಡೇ ಆಗಿಬಿಡುತ್ತದೆ. ಇನ್ನು ಇಷ್ಟು ಕಡಿಮೆ ಶಕ್ತಿಯ ಗುಂಡು ಅರಳಿದರೆ ಆಳ ಸಾಲದು. 1986ರ ಮಯಾಮಿ ಗುಂಡಿನ ಕಾಳಗದ ನಂತರ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ಮೈಮಾಂಸಕ್ಕೆ ಬದಲಾಗಿ ಪರೀಕ್ಷೆಗೆ ಬಳಸುವ ಜೆಲಟಿನ್‌ನಲ್ಲಿ 12ರಿಂದ 18 ಅಂಗುಲ ಆಳವನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಆದ್ದರಿಂದಲೇ ಅಲ್ಲಿಯೂ ಗಿಡ್ಡ ರಿವಾಲ್ವರ್ ಇಟ್ಟುಕೊಂಡವರಲ್ಲಿ ಅನೇಕರು ಅರಳುವ ಗುಂಡಿನ ಆಸೆ ಬಿಟ್ಟು, ಹೊಡೆತದ ಒದೆ ಕಡಿಮೆಯಿರುವ, ಚಪ್ಪಟೆ ಮುಖದ ವ್ಯಾಡ್‌ಕಟರ್ ಗುಂಡನ್ನು ಆರಿಸಿಕೊಳ್ಳುತ್ತಾರೆ. 0.32ರಲ್ಲಿಯೂ ವ್ಯಾಡ್‌ಕಟರ್ ಇದೆ, ಆದರೆ ಅದು ಮುಖ್ಯವಾಗಿ 25 ಮೀಟರ್ ಗುರಿ ಸ್ಪರ್ಧೆಯವರ ತೋಟಾ; ಅವಸರದಲ್ಲಿ ಸಿಲಿಂಡರಿಗೆ ತುಂಬುವಾಗ ಅದರ ಅಂಚು ತಡೆಯುತ್ತದೆ. ಸಿಕ್ಕರೆ ಆಗಬಹುದು, ಹುಡುಕಿಕೊಂಡು ಅಲೆಯುವುದು ಅನಗತ್ಯ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದ ವಿಷಯ ಬೇರೆ ಇದೆ. ಪಿಸ್ತೂಲಿನ 0.32 ಎಸಿಪಿ ಮತ್ತು ರಿವಾಲ್ವರಿನ 0.32 ಲಾಂಗ್ ಎರಡನ್ನೂ ಮಾತಿನಲ್ಲಿ ‘ಮೂವತ್ತೆರಡು’ ಎಂದೇ ಕರೆಯುತ್ತಾರೆ. ಎಸಿಪಿಯ ಕವಚ, ಅಂದರೆ ಮದ್ದು ತುಂಬಿರುವ ಲೋಹದ ಕೊಳವೆ, ಗಿಡ್ಡ, ಸುಮಾರು 17 ಮಿಲಿಮೀಟರ್. ಲಾಂಗ್‌ನದು 23 ಮಿಲಿಮೀಟರಿಗೂ ಹೆಚ್ಚು. ಎಸಿಪಿ ತೋಟಾ ಎಷ್ಟೋ ರಿವಾಲ್ವರುಗಳ ಸಿಲಿಂಡರಿನಲ್ಲಿ ಕುಳಿತುಕೊಳ್ಳುತ್ತದೆ, ಆದರೆ ಅದರ ಒತ್ತಡದ ಮಿತಿ ಚದರ ಅಂಗುಲಕ್ಕೆ 20,500 ಪೌಂಡ್. ಲಾಂಗ್‌ಗೆ ನಿಗದಿಯಾದದ್ದು 15,000. ಕುಳಿತಿತೆಂದು ಹಾರಿಸಬಾರದು. ಪೆಟ್ಟಿಗೆಯ ಮೇಲಿನ ಪೂರ್ತಿ ಹೆಸರನ್ನು ಅಂಗಡಿಯಲ್ಲಿಯೇ ಓದಿಕೊಳ್ಳಿರಿ.

ನಮ್ಮ ಮಳೆಗಾಲವನ್ನು ಆ ವಿಡಿಯೊಗಳವರು ಕಂಡವರಲ್ಲ. ಆಗುಂಬೆಯ ಸುತ್ತಮುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಲ್ಲಿ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವಾಗ ಹಿತ್ತಾಳೆಯ ತೋಟಾ ಕೆಡದೆ ಇರುತ್ತದೆಯೇ? ಚರ್ಮದ ಚೀಲದಲ್ಲಿ ಅಥವಾ ಬೆಲ್ಟಿನ ಕುಣಿಕೆಗಳಲ್ಲಿ ತೋಟಾಗಳನ್ನು ಬಿಟ್ಟರೆ, ಹದ ಮಾಡಿದ ಚರ್ಮದಲ್ಲಿರುವ ಆಮ್ಲಕ್ಕೆ ತೇವ ಸೇರಿ ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಕಟ್ಟಿದ ತೋಟಾ ಸಿಲಿಂಡರಿನಲ್ಲಿ ಅಂಟಿಕೊಂಡರೆ ಉಳಿದದ್ದೆಲ್ಲ ವ್ಯರ್ಥ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಇಡಿರಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಡುವ ಹಳೆಯ ಅಭ್ಯಾಸ ಬೇಡ, ಶಾಖ ಮದ್ದಿಗೆ ಒಳ್ಳೆಯದಲ್ಲ. ರಿವಾಲ್ವರಿಗೆ ಎಣ್ಣೆ ಹಾಕಿದ ಮೇಲೆ ಸಿಲಿಂಡರಿನ ಕೋಣೆಗಳನ್ನು ಒಣಬಟ್ಟೆಯಿಂದ ಒರೆಸಬೇಕು, ಏಕೆಂದರೆ ಸೋರಿದ ಎಣ್ಣೆ ತೋಟಾದ ಹಿಂಬದಿಯ ಕೇಪಿಗೆ ಇಳಿದರೆ ಅದು ಠುಸ್ ಆಗಬಹುದು. ಚುನಾವಣೆಗೆಂದು ಠಾಣೆಯಲ್ಲಿ ಠೇವಣಿಯಿಟ್ಟ ಆಯುಧ ಹಿಂದಕ್ಕೆ ಬಂದಾಗ ಒಮ್ಮೆ ಪೂರ್ತಿ ಪರಿಶೀಲಿಸುವುದು ಒಳ್ಳೆಯದು. ಹಳೆಯ ತೋಟಾಗಳನ್ನು ಮಳೆಗಾಲ ಮುಗಿದ ಮೇಲೆ ಅಧಿಕೃತ ರೇಂಜಿನಲ್ಲಿ ಅಭ್ಯಾಸಕ್ಕೆ ಬಳಸಿ, ಹೊಸದನ್ನು ತುಂಬಿಕೊಳ್ಳಿರಿ. ಒಮ್ಮೆಗೆ ಮತ್ತು ವರ್ಷಕ್ಕೆ ಎಷ್ಟು ಕೊಳ್ಳಬಹುದೆಂಬುದು ಪರವಾನಗಿಯಲ್ಲಿಯೇ ಬರೆದಿರುತ್ತದೆ.

ಅಭ್ಯಾಸದಲ್ಲಿ ಯಾವುದೇ ಈಡಿನ ಸದ್ದು ಎಂದಿಗಿಂತ ಮೆತ್ತಗೆ ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲಿಯೇ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ನಳಿಗೆ ಸೀಳಬಹುದು. ಕುದುರೆ ಎಳೆದರೂ ಹಾರದಿದ್ದರೆ ಅರ್ಧ ನಿಮಿಷವಾದರೂ ಗುರಿಯತ್ತಲೇ ಹಿಡಿದಿದ್ದು, ಅನಂತರ ಸಿಲಿಂಡರ್ ತೆರೆಯಿರಿ. ಗಿಡ್ಡ ನಳಿಗೆಯಲ್ಲಿ ಹಿಂದಿನ ಮತ್ತು ಮುಂದಿನ ಗುರಿಗುರುತುಗಳ ನಡುವಿನ ಅಂತರ ಕಡಿಮೆಯಾದ್ದರಿಂದ ಕೈಯ ಸಣ್ಣ ಅಲುಗಾಟವೂ ದೊಡ್ಡ ತಪ್ಪಾಗುತ್ತದೆ. ತೋಟಾದ ಬದಲಾವಣೆಯಿಂದ ಸಿಗುವ ಲಾಭಕ್ಕಿಂತ ಅಭ್ಯಾಸದಿಂದ ಸಿಗುವುದು ಬಹುಪಾಲು ಹೆಚ್ಚು. ಗುರಿ ತಪ್ಪಿದ ಸೀಸದ ಗುಂಡು ಮರದ ಹಲಗೆಯ ಗೋಡೆಯನ್ನು ದಾಟಿ ಹೋಗಬಹುದೆಂಬುದೂ ನೆನಪಿನಲ್ಲಿರಲಿ.

ಕಾಟಿ, ಆನೆಗಳ ವಿರುದ್ಧ ಈ ರಿವಾಲ್ವರ್ ಯಾವ ತೋಟಾದಿಂದಲೂ ಉಪಯೋಗಕ್ಕೆ ಬಾರದು. ಮನುಷ್ಯರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನೂ ಅದರ ಮಿತಿಯನ್ನೂ ಹೇಳುತ್ತವೆ. ಹಣದ ಚೀಲ ಕಸಿದು ಓಡುತ್ತಿರುವವನ ಬೆನ್ನಿಗೆ ಹಾರಿಸಿದರೆ ಆ ರಕ್ಷಣೆ ದೊರೆಯುತ್ತದೆಂದು ನಂಬಬೇಡಿರಿ. ಅಷ್ಟು ದೊಡ್ಡ ಮೊತ್ತವಾದರೆ ಮಂಡಿಯವರಿಂದ ಖಾತೆಗೇ ಹಾಕಿಸಿಕೊಂಡು, ಬರಿಗೈಯಲ್ಲಿ ಊರಿಗೆ ಹಿಂತಿರುಗುವುದನ್ನು ನಾನು ಮೊದಲು ಸೂಚಿಸುತ್ತೇನೆ.