ಮಾರುತಿ 800ಕ್ಕೆ ಪವರ್ ಸ್ಟೀರಿಂಗ್: ಮೊದಲು ನೋಡಬೇಕಾದದ್ದು

ನಮಸ್ಕಾರ. ಪುಣೆಯ ತುಳಶಿಬಾಗ್ ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಗಾಡಿ ನಿಲ್ಲಿಸುವಾಗ ತಾಯಿಯವರಿಗೆ ಭುಜ ನೋಯುತ್ತದೆ, ಹಳೆಯ ಮಾರುತಿ 800ಕ್ಕೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ (ಸ್ಟೀರಿಂಗ್ ತಿರುಗಿಸಲು ಮೋಟಾರು ನೆರವಾಗುವ ವ್ಯವಸ್ಥೆ) ಹಾಕಿಸಬಹುದೇ ಎಂದು ಕೇಳಿದ್ದೀರಿ. ಹಾಕಿಸಬಹುದು, ನಾನಾದರೆ ಮೊದಲೇ ಅದಕ್ಕೆ ಕೈಹಾಕುವುದಿಲ್ಲ. ಸುಮಾರು 650 ಕಿಲೋ ತೂಕದ, 12 ಇಂಚಿನ ಚಕ್ರಗಳ ಗಾಡಿಯಲ್ಲಿ ಸ್ಟೀರಿಂಗ್ ಅಷ್ಟು ಬಿಗಿಯಾಗಿದ್ದರೆ ಟೈರಿನಲ್ಲಿ ಗಾಳಿ ಕಡಿಮೆಯಿರುವುದು, ಅಗಲದ ಟೈರು ಹಾಕಿರುವುದು ಅಥವಾ ಗ್ರೀಸ್ ಒಣಗಿರುವುದೇ ಕಾರಣವಿರಬಹುದು. ಮುಂಚಕ್ರಗಳೆರಡನ್ನೂ ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿ ನೋಡಲು ಮೆಕ್ಯಾನಿಕ್‌ಗೆ ಹೇಳಿ: ಆಗಲೂ ಬಿಗಿಯೆನಿಸಿದರೆ ದೋಷ ಚಕ್ರಗಳನ್ನು ಹೊರಳಿಸುವ ರ್‍ಯಾಕಿನಲ್ಲೋ ಸ್ಟೀರಿಂಗಿನಿಂದ ಕೆಳಗಿಳಿಯುವ ದಂಡವಾದ ಕಾಲಮ್ಮಿನಲ್ಲೋ ಚಕ್ರದ ಬಳಿಯ ಕೀಲಾದ ಬಾಲ್ ಜಾಯಿಂಟಿನಲ್ಲೋ ಇದೆ, ಸಲೀಸಾಗಿ ತಿರುಗಿದರೆ ಟೈರು, ಗಾಳಿ, ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಪರೀಕ್ಷೆ ಮಾಡಿಸಿ. ಗಾಡಿ ತುಸು ಉರುಳತೊಡಗಿದ ಮೇಲೆಯೇ ಸ್ಟೀರಿಂಗ್ ತಿರುಗಿಸಿದರೂ ಭುಜದ ಭಾರ ಬಹಳ ಇಳಿಯುತ್ತದೆ. ಇಷ್ಟಾಗಿಯೂ ಹಾಕಿಸುವುದಾದರೆ, ವೇಗ ಹೆಚ್ಚಿದಂತೆ ಮೋಟಾರಿನ ಸಹಾಯ ಕಡಿಮೆಯಾಗುವ ವ್ಯವಸ್ಥೆಯೇ ಇರಲಿ; ಕಾಲಮ್ಮನ್ನು ಕತ್ತರಿಸಿ ಬೆಸುಗೆ ಹಾಕುತ್ತೇನೆ ಎನ್ನುವವರ ಕೈಗೆ ಮಾತ್ರ ಗಾಡಿ ಕೊಡಬೇಡಿ.